ಪಕ್ಕದಲ್ಲಿ ಕೂತು ಉಂಡವನು

"ಇನ್ನೊಂದ್ಸಲ ನೋಡಿ ಮೇಡಂ," ಎಂದಳು ಶಾಂಭವಿ. ಪ್ರಿನ್ಸಿಪಾಲ್ ಮಾಲಿನಿ ಮೂರನೇ ಸಲವೂ ನೋಡಿ, ಕಂಪ್ಯೂಟರನ್ನೇ ಅವಳ ಕಡೆ ತಿರುಗಿಸಿದರು. ಅವಳಿಗೆ ಪಿಎಚ್.ಡಿ. ಕೊಟ್ಟ ಯೂನಿವರ್ಸಿಟಿಯ ಹೆಸರು ಪಟ್ಟಿಯಲ್ಲಿತ್ತು. ನಕಲಿಗಳ ಪಟ್ಟಿಯಲ್ಲಿ.

ತರೀಕೆರೆಯ ಈ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಅವಳು ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ದುಡಿಮೆ ಮನೆಯಾಳಿನದು. ನೆಟ್ ಪರೀಕ್ಷೆಯೋ ಪಿಎಚ್.ಡಿ.ಯೋ ಇಲ್ಲದವರಿಗೆ ಈ ವರ್ಷದಿಂದ ಪಾಠವಿಲ್ಲ ಎಂದು ಆದೇಶ ಬಂದಿತ್ತು. ಅವಳ ಬಳಿ ಇದ್ದದ್ದು ಇದೊಂದೇ ಕಾಗದ.

"ನಿಮ್ಮ ಪ್ರಬಂಧ ಓದಿದೀನಿ ಶಾಂಭವಿ. ನಾಲ್ಕು ವರ್ಷ ಊರೂರಿನ ಕೆರೆ ಏರಿ ಮೇಲೆ ತಿರುಗಿ ಬರೆದಿದ್ದು. ಅದಕ್ಕೇ ನಂಗೆ ಹೊಟ್ಟೆ ಉರಿಯುತ್ತೆ. ಸೇರೋಕ್ಮುಂಚೆ ಮಾನ್ಯತೆ ಪತ್ರ ಕೇಳ್ಲಿಲ್ವಾ ನೀವು?"

ಕೇಳಬೇಕೆಂದಿದ್ದಳು. ಅಪ್ಪ ಬಿಟ್ಟಿರಲಿಲ್ಲ. ಕಡೂರಿನಲ್ಲಿ ಆ ಯೂನಿವರ್ಸಿಟಿಯ ಸ್ಟಡಿ ಸೆಂಟರ್ ತೆರೆದವನು ಅವರದೇ ಮಠದ ಭಕ್ತ, ಲಿಂಗಪೂಜೆ ಆಗದೆ ನೀರು ಮುಟ್ಟದವನು. "ದಾಸೋಹದಾಗೆ ಪಕ್ಕದಲ್ಲೇ ಕೂತು ಉಂಡೋನಿಗೆ ಕಾಗದ ತೋರ್ಸು ಅಂತೀಯೇನೇ? ಆಮೇಲೆ ಮಠದಾಗೆ ನಾನು ತಲೆ ಎತ್ತಿ ತಿರುಗೋದು ಹೆಂಗೆ?" ಎಂದಿದ್ದರು. ಮಗಳೂ ಸುಮ್ಮನಾದಳು. ಎಂ.ಎ. ಓದಿದವಳ ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತೋ.

"ಇದೇ ಪ್ರಬಂಧ ಬೇರೆ ಕಡೆ ಕೊಡಬಹುದಾ ಮೇಡಂ?"

"ಮೊದಲಿಂದ ಶುರು ಮಾಡ್ಬೇಕು. ಎಂಟ್ರೆನ್ಸು, ಗೈಡು, ಕೋರ್ಸ್‌ವರ್ಕು. ಮೂರು ವರ್ಷಕ್ಕೆ ಕಮ್ಮಿ ಆಗಲ್ಲ." ಮಾಲಿನಿ ಬಿಳಿ ಹಾಳೆಯೊಂದನ್ನು ಮುಂದಿಟ್ಟರು. "ಸರ್ಟಿಫಿಕೇಟ್ ವಾಪಸ್ ತಗೊಂಡಿದೀನಿ ಅಂತ ಬರ್ಕೊಡಿ. ಇಲ್ಲಾಂದ್ರೆ ನಾನು ಪೊಲೀಸಿಗೆ ಬರೀಬೇಕಾಗುತ್ತೆ."

ಬರೆದುಕೊಟ್ಟಳು. ನಲವತ್ಮೂರರ ವಯಸ್ಸಿನಲ್ಲಿ ಕೆಲಸ ಹೋಯಿತು, ಇನ್ನು ಕೊಡುವವರು ಯಾರು? ಅಲ್ಲೇ ನೆಲಕ್ಕೆ ಕುಕ್ಕರಿಸಿ ಅತ್ತುಬಿಡಬೇಕು ಎನಿಸಿತು.

ಹೊರಗೆ ಬೆಂಚಿನ ಮೇಲೆ, ಅವಳ ಜೊತೆ ಬಂದಿದ್ದ ಅಪ್ಪ ಷಡಕ್ಷರಿ ಕೂತಿದ್ದರು. ಮಗಳು ಡಾಕ್ಟರೇಟ್ ಪಡೆದದ್ದನ್ನು, ಮಠದಲ್ಲಿ ಗುರುಗಳು ಶಾಲು ಹೊದಿಸಿದ್ದನ್ನು ಪಕ್ಕದವರಿಗೆ ಹೇಳುತ್ತಿದ್ದರು. ಶಾಂಭವಿ ಹತ್ತಿರ ಕೂತು ಕಿವಿಯಲ್ಲಿ ವಿಷಯ ತಿಳಿಸಿದಳು. ಅವರು ಪಕ್ಕದವರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಯಾರ್ಗೂ ಬಾಯ್ಬಿಡ್ಬೇಡ ಕಣವ್ವ," ಎಂದರು. "ನಾನು ಸತ್ಮೇಲೆ ಬೇಕಾದ್ರೆ ಹೇಳ್ಕೋ."

ಅಷ್ಟರಲ್ಲಿ ಫೋನ್ ಬಂತು. ಸಿಂಗಟಗೆರೆಯ ಸಂಗೀತಾ, ಅವಳ ಹಳೆಯ ವಿದ್ಯಾರ್ಥಿನಿ. "ಮೇಡಂ, ನಾಳೆ ನಾನೂ ಪಿಎಚ್.ಡಿ.ಗೆ ಸೇರ್ತಿದೀನಿ. ನೀವು ಮಾಡಿದ್ರಲ್ಲ, ಅದೇ ಸೆಂಟರ್. ಶಾಂಭವಿ ಮೇಡಮ್ಮೇ ಮಾಡಿದಾರೆ, ಇನ್ನೇನು ವಿಚಾರ್ಸೋದು ಅಂದ್ರು ನಮ್ಮಪ್ಪ."

ಫೋನಿನ ಮಾತು ಷಡಕ್ಷರಿಗೂ ಕೇಳಿಸಿತ್ತು. ಅವರು ಮಗಳ ಮುಂದೆ ಎರಡೂ ಕೈ ಜೋಡಿಸಿದರು. ಅಪ್ಪ ಹೀಗೆ ಕೈ ಮುಗಿದದ್ದನ್ನು ಅವಳು ಮಠದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

"ಸೇರಬೇಡ ಸಂಗೀತಾ," ಎಂದಳು. ದನಿ ತಾನಾಗಿಯೇ ಏರಿತು. "ಅದು ಸುಳ್ಳು ಯೂನಿವರ್ಸಿಟಿ. ನಂದು ಪಿಎಚ್.ಡಿ.ನೇ ಅಲ್ಲ."

ಬೆಂಚಿನವರೆಲ್ಲ ತಿರುಗಿ ನೋಡಿದರು. ಷಡಕ್ಷರಿ ಬಗ್ಗಿ ಬೆಂಚಿನ ಕೆಳಗೆ ಚಪ್ಪಲಿ ಹುಡುಕತೊಡಗಿದರು. ಚಪ್ಪಲಿ ಅವರ ಕಾಲಲ್ಲೇ ಇದ್ದವು.