ಜಾಮಕ್ಕನ ಕೈರುಚಿ

ಅಡುಗೆಮನೆಯ ಕಿಟಕಿ ತೆರೆಯುವಂತಿರಲಿಲ್ಲ. ತೆರೆದರೆ ನೊಣ ಬರುತ್ತವೆ. ನೊಣ ಕಂಡರೆ ಸೂಪರ್‌ಮಾರ್ಕೆಟ್‌ನವರು ಮಾಲು ಮುಟ್ಟುವುದಿಲ್ಲ. ಆ ಧಗೆಯಲ್ಲೇ ದೊಡ್ಡ ಪಾತ್ರೆಯಲ್ಲಿ ಕಿತ್ತಳೆ, ಸಕ್ಕರೆ ಕೊತಕೊತ ಕುದಿಯುತ್ತಿದ್ದವು. ಸೌಟು ತಿರುಗಿಸುವವಳ ಮೊಣಕೈವರೆಗೂ ಪಾಕ ಸಿಡಿದ ಕಲೆಗಳು. ಬೀದಿಯವರೆಲ್ಲ ಅವಳನ್ನು ಜಾಮಕ್ಕ ಎಂದೇ ಕರೆಯುತ್ತಿದ್ದರು.

ಮೊದಲು ಜಾಮನ್ನು ಅಕ್ಕಪಕ್ಕದ ಮನೆಗಳಿಗೆ ಕೊಡುತ್ತಿದ್ದಳು, ಆಮೇಲೆ ಮೂಲೆಯಂಗಡಿಗೆ. ಒಮ್ಮೆ ಸೂಪರ್‌ಮಾರ್ಕೆಟ್‌ನ ಖರೀದಿ ಮ್ಯಾನೇಜರ್ ಮನೆಗೇ ಬಂದು, ಬೆರಳಲ್ಲಿ ನೆಕ್ಕಿ ನೋಡಿದ.

"ಅಮ್ಮಾ, ಇದು ಈ ಸಂದೀಲಿ ಕೂತಿರೋ ಮಾಲಲ್ಲ. ನಮ್ಮ ಅಂಗಡಿಗಳಿಗೆಲ್ಲ ಕೊಡಿ. ನಾವಿದ್ದೀವಲ್ಲ!"

ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಅತ್ತೆಯ ಮಂಚ ನಡುಮನೆಗೆ ಬಂತು. ಅತ್ತೆಯ ಕೋಣೆಗೆ ಸ್ಟೀಲಿನ ಮೇಜು, ಬಿಳಿ ಟೈಲ್ಸು ಬಂದವು. ನಾದಿನಿ ಹೊಲಿಗೆ ಬಿಟ್ಟು ಜೊತೆಗೆ ನಿಂತಳು. ಬೇರೆ ಯಾರಿಗೂ ಕೊಡಕೂಡದು ಎಂದ, ಮೂಲೆಯಂಗಡಿಗೂ ನಿಲ್ಲಿಸಿದಳು.

ಒಂದು ದಿನ ಮ್ಯಾನೇಜರ್ ಬಿಳಿ ಕೋಟಿನವರಿಬ್ಬರನ್ನು ಕರೆತಂದ. "ಗುಣಮಟ್ಟ ನೋಡೋಕೆ ಬಂದಿದಾರೆ. ಎಲ್ಲ ತೋರಿಸಿ ಅಮ್ಮಾ."

ತೋರಿಸಿದಳು. ಬೀಜ, ಸಿಪ್ಪೆಯನ್ನು ಬಟ್ಟೆಯಲ್ಲಿ ಕಟ್ಟಿ ಪಾಕಕ್ಕೆ ಬಿಡುವುದು, ಗುಳ್ಳೆ ದಪ್ಪವಾದ ಕೂಡಲೇ ಇಳಿಸುವುದು, ಎಲ್ಲ. ಅವರು ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡರು. ಅತ್ತೆ ಅವರಿಗೆ ಚಹಾ ಕೊಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಲಾರಿ ಬಂತು. ತುಂಬಿಕೊಳ್ಳುವ ಬದಲು ಡ್ರೈವರ್ ಪೆಟ್ಟಿಗೆಗಳನ್ನು ಇಳಿಸತೊಡಗಿದ.

"ಎಲ್ಲಾ ವಾಪಸ್ ಅಕ್ಕಾ. ಇನ್ಮೇಲೆ ಬೇಡ್ವಂತೆ."

ಅತ್ತಿಗೆ ನಾದಿನಿ ಇಬ್ಬರೂ ಸೂಪರ್‌ಮಾರ್ಕೆಟ್‌ಗೆ ಹೋದರು. ಜಾಮಕ್ಕನ ಬಾಟಲಿಗಳಿದ್ದ ಜಾಗದಲ್ಲಿ ಅಂಗಡಿಯದೇ ಹೆಸರಿನ ಬಾಟಲಿಗಳು. ಮೇಲೆ ನಗುವ ಅಜ್ಜಿಯ ಚಿತ್ರ. ನಾದಿನಿ ಅಲ್ಲೇ ಮುಚ್ಚಳ ತೆಗೆದು ಬಾಯಿಗಿಟ್ಟುಕೊಂಡಳು.

"ಅತ್ತಿಗೇ, ಇದು ನಮ್ದೇ!"

ಜಾಮಕ್ಕನೂ ನೆಕ್ಕಿದಳು. ಸಿಪ್ಪೆಯ ಅದೇ ಕಹಿ. ಸಿಟ್ಟು ಬರಬಹುದೆಂದು ಕಾದಳು. ಬರಲಿಲ್ಲ. ಅಳುವೂ ಬರಲಿಲ್ಲ.

ಮ್ಯಾನೇಜರ್ ನಗುತ್ತಲೇ ಬಂದ. "ರುಚಿ ಯಾರಪ್ಪನ ಸ್ವತ್ತೂ ಅಲ್ಲಮ್ಮ. ನಿಮಗೆ ಅನ್ಯಾಯ ಮಾಡ್ತೀವಾ? ಕಾರ್ಖಾನೇಲಿ ಕುದಿಸೋಕೆ ಜನ ಬೇಕು, ಬನ್ನಿ."

"ನಾಚ್ಕೆ ಆಗಲ್ವೇನ್ರೀ ನಿಮಗೆ?" ನಾದಿನಿ ಕಿರುಚಿದಳು. ಜಾಮಕ್ಕ ಅವಳ ಕೈಹಿಡಿದು ಹೊರಗೆ ಕರೆತಂದಳು.

ಮತ್ತೆ ಜಾಮ್ ಇಡಲು ಕೇಳಿದರೆ ಮೂಲೆಯಂಗಡಿಯವನು, "ನಿನ್ನ ಜಾಗದಲ್ಲಿ ಈಗ ಬೇರೆ ಮಾಲಿದೆಯಮ್ಮ" ಎಂದ. ಮನೆಯಲ್ಲಿ ಒಲೆ ಉರಿಯಬೇಕಲ್ಲ. ಜಾಮಕ್ಕ ಕಾರ್ಖಾನೆಗೆ ಹೋದಳು. ತಲೆಗೆ ಟೊಪ್ಪಿ, ಕೈಗೆ ಗವಸು. ಸಾಲಾಗಿ ಕಡಾಯಿಗಳು, ಸಾಲಾಗಿ ಹೆಂಗಸರು. ತಾನೇ ಕಲಿಸಿದ್ದನ್ನು ಮೇಸ್ತ್ರಿ ತನಗೇ ಕಲಿಸಿದಾಗಲೂ "ಹೂಂ" ಎಂದಳು. ದಿನಗಳು ಹಾಗೇ ಹೋದವು.

ಒಮ್ಮೆ ಪಕ್ಕದ ಕಡಾಯಿಯವಳ ಕೈ ಕಂಡಿತು. ಮಣಿಕಟ್ಟಿನ ಮೇಲೆ ಓವನ್ನಿನ ಬಾಗಿಲು ತಾಗಿದ ಹಳೆಯ ಬರೆಗಳು. ಕೇಳಬೇಕೆಂದೇನೂ ಇರಲಿಲ್ಲ, ಬಾಯಿಗೆ ಬಂತು.

"ಮುಂಚೆ ಏನ್ಮಾಡ್ತಿದ್ರಿ?"

"ಮನೇಲೇ ಬಿಸ್ಕತ್ತು ಮಾಡ್ತಿದ್ದೆ. ಇವರಿಗೇ ಕೊಡ್ತಿದ್ದೆ."

"ನಿಮ್ಮನೆಗೂ ಬಿಳಿ ಕೋಟಿನೋರು ಬಂದಿದ್ರಾ?"

ಅವಳ ಸೌಟು ನಿಂತಿತು. ಆಚೆ ಕಡಾಯಿಯವಳು ತಿರುಗಿ ನೋಡಿದಳು. "ನಮ್ಮನೆಗೂ ಬಂದಿದ್ರು. ಸಾಸ್ ಮಾಡೋದು ನೋಡ್ಕೊಂಡು ಹೋದ್ರು."

"ನಮ್ಮನೆಗೂ," ಎಂದಿತು ಸಾಲಿನ ಕೊನೆಯ ದನಿ.

ಒಂದೊಂದೇ ಸೌಟು ನಿಂತಿತು.

"ಏನ್ರೇ ಅಲ್ಲಿ? ತಳ ಹಿಡೀತಾ ಇದೆ, ತಿರುಗ್ಸಿ!" ಮೇಸ್ತ್ರಿ ಕೂಗಿಕೊಂಡು ಓಡಿಬಂದ.

ಸೀದ ವಾಸನೆ ಕಾರ್ಖಾನೆಯ ತುಂಬ ಹರಡಿತು. ಜಾಮಕ್ಕ ಗವಸು ಕಳಚಿದಳು. ಯಾರೂ ಸೌಟು ಮುಟ್ಟಲಿಲ್ಲ.