ಐವತ್ತು ಕೊಡ ನೀರು

ನಮ್ಮ ಊರ ಬಾವಿಯ ಬಾಯಿ ಹದಿನಾರು ಅಡಿ ಅಗಲ. ಅದನ್ನು ಅಳೆದವನು ನಾನೇ. ೧೯೮೭ರ ಫೆಬ್ರವರಿ ತಿಂಗಳು. ಮೂರು ವರ್ಷ ಮಳೆ ಸರಿಯಾಗಿ ಆಗಿರಲಿಲ್ಲ. ಅಥಣಿಯಿಂದ ಒಂಬತ್ತು ಮೈಲಿ ಒಳಗಿರುವ ನಮ್ಮ ಊರಿಗೆ ಉಳಿದಿದ್ದ ನೀರು ಅದೊಂದೇ. ಬಾವಿಯ ಕಟ್ಟೆಯ ಮೇಲೆ ಹೆಂಗಸರು ಕೊಡ ಎತ್ತಿ ಬಡಿದಾಡಿದರು. ಒಬ್ಬಳ ಹಣೆಗೆ ನಾಲ್ಕು ಹೊಲಿಗೆ ಬಿದ್ದವು. ಮರುದಿನ ಮಂಡಲ ಪಂಚಾಯತಿಯ ಸದಸ್ಯ ಭೂಪಾಲ ನಮ್ಮ ಮನೆಗೆ ಬಂದ.

"ನೇಮಿನಾಥ ಮಾಸ್ತರ, ಮೂವತ್ತ ವರ್ಷ ಊರ ಹುಡುಗರಿಗೆ ಭಾಗಾಕಾರ ಕಲಿಸೀರಿ. ಈಗ ಈ ಒಂದ ಭಾಗಾಕಾರ ನೀವ ಮಾಡಿ ಕೊಡ್ರಿ," ಎಂದ.

ಮಾಡಿಕೊಟ್ಟೆ. ಅಡಿ ಗುರುತು ಮಾಡಿದ ಬಿದಿರ ಕೋಲನ್ನು ಬಾವಿಗೆ ಇಳಿಬಿಟ್ಟು ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ ನೋಡಿದೆ. ರಾತ್ರಿ ಸೆಲೆಯಿಂದ ಊರುವ ನೀರು ಎರಡು ಅಡಿ. ಹದಿನಾರು ಅಡಿ ಅಗಲಕ್ಕೆ ಎರಡು ಅಡಿ ಎತ್ತರ. ಹದಿನಾಲ್ಕು ಲೀಟರಿನ ಕೊಡದಲ್ಲಿ ಎಂಟುನೂರ ಹನ್ನೆರಡು. ಚೆಲ್ಲುವುದಕ್ಕೆಂದು ಹನ್ನೆರಡು ಬಿಟ್ಟೆ. ಆ ದಿನ ಊರಲ್ಲಿದ್ದ ಜನರನ್ನು ಮನೆಮನೆಗೆ ಹೋಗಿ ಎಣಿಸಿದೆ: ಸರಿಯಾಗಿ ನಾಲ್ಕು ನೂರು. ತಲೆಗೆ ಎರಡು ಕೊಡ. ಎಣ್ಣೆಯ ಡಬ್ಬಿ ಕತ್ತರಿಸಿ ತಗಡಿನ ಬಿಲ್ಲೆ ಮಾಡಿಸಿ, ತಲೆಗೆ ಎರಡರಂತೆ ಹಂಚಿದೆ. ಬಿಲ್ಲೆ ತೋರಿಸಿದರೆ ಕೊಡ ತುಂಬುತ್ತದೆ. ನೀರು ಹಿಂದಿನ ಸಂಜೆಯ ಗುರುತಿಗೆ ಇಳಿದ ಕೂಡಲೇ ರಾಟೆ ನಿಲ್ಲುತ್ತದೆ.

ಪಟ್ಟಿಯ ನಾಲ್ಕು ನೂರನೆಯ ಹೆಸರು ಸಾವಕ್ಕನದು. ಕುರುಬರ ಓಣಿಯ ಮುದುಕಿ. ಅವಳ ಮಗ ಮಾಳಸಿದ್ದ ದೀಪಾವಳಿಯಾದ ಮೇಲೆ, ಪ್ರತಿ ವರ್ಷದಂತೆ, ಹೆಂಡತಿ ಮಕ್ಕಳು ಸೇರಿ ಏಳು ಜನ ಮತ್ತು ನೂರಿಪ್ಪತ್ತು ಕುರಿಗಳೊಡನೆ ಕುಡಚಿಯ ಕಡೆ ಕೃಷ್ಣೆಯ ದಂಡೆಗೆ ಹೋಗಿದ್ದ. ಅಲ್ಲಿಯ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುವುದು ಅವನ ಕೆಲಸ. ಊರಲ್ಲಿ ಇಲ್ಲದವರನ್ನು ನಾನು ಎಣಿಸಲಿಲ್ಲ.

ಎರಡು ತಿಂಗಳು ಒಂದೂ ಜಗಳವಾಗಲಿಲ್ಲ. ಬಿಸಿಲು ಏರಿದಂತೆ ಬಾವಿಯ ನೀರು ಕೆಳಗೆ ಸರಿಯುತ್ತ ಹೋಯಿತು. ಆದರೆ ರಾತ್ರಿಯ ಏರಿಕೆ ಮಾತ್ರ ಎರಡು ಅಡಿಯೇ ಇತ್ತು. ಕೊಡಗಳು ಎಂಟು ನೂರೇ ಆದವು. ಅಥಣಿಯಿಂದ ಬಂದಿದ್ದ ಅಧಿಕಾರಿ ನನ್ನ ಪಟ್ಟಿಯನ್ನು ಬರೆದುಕೊಂಡು ಹೋದರು. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಏಪ್ರಿಲ್ ಮೊದಲ ವಾರ ಮಾಳಸಿದ್ದ ತಿರುಗಿ ಬಂದ. ಕೃಷ್ಣೆಯೇ ಬತ್ತಿ ದಂಡೆಯ ಹೊಲಗಳು ಸುಟ್ಟಿದ್ದವು. ಕುರಿಗಳನ್ನು ಓಣಿಯಲ್ಲಿ ಬಿಟ್ಟು ನೇರವಾಗಿ ಬಾವಿಗೆ ಬಂದು ಬಿಲ್ಲೆ ಕೇಳಿದ.

"ಮುಂದಿನ ಎಣಿಕಿ ಮೇ ಒಂದನೇ ತಾರೀಕು. ಅಲ್ಲೀತನಕ ಪಟ್ಟಿ ಬದಲಿ ಆಗೂದಿಲ್ಲ," ಎಂದೆ.

"ಏಳ ಮಂದಿ ಅದೇವ್ರಿ ಮಾಸ್ತರ. ನಮ್ಮವ್ವನ ಎರಡ ಕೊಡದಾಗ ಎಂಟ ಬಾಯಿ."

"ನಿನಗ ಹದಿನಾಲ್ಕ ಕೊಡ ಕೊಟ್ರ, ಏಳ ಮಂದಿದು ಕಸಗೊಂಡ ಕೊಡಬೇಕು. ಯಾರದ ಕಸಗೊಳ್ಳಲಿ, ನೀನ ಹೇಳು."

ಅದೇ ಹೊತ್ತಿಗೆ ನನ್ನ ಹೆಂಡತಿ ಚಂದ್ರಮತಿ ಬಾವಿಯ ಇನ್ನೊಂದು ಮಗ್ಗುಲಲ್ಲಿ ಚಂಬು ಇಳಿಸುತ್ತಿದ್ದಳು. ನಾವು ಜೈನರು ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸುವವರು. ಬಟ್ಟೆಯಲ್ಲಿ ನಿಂತ ಸೂಕ್ಷ್ಮ ಜೀವಿಗಳು ಸಾಯಬಾರದೆಂದು, ಆ ಬಟ್ಟೆ ತೊಳೆದ ನೀರನ್ನು ಅದು ಬಂದ ಬಾವಿಗೇ ತಿರುಗಿ ಮುಟ್ಟಿಸಬೇಕು. ಮೇಲಿನಿಂದ ಸುರಿದರೆ ಅವು ಸಾಯುತ್ತವೆ. ಆದ್ದರಿಂದ ತಳದಲ್ಲಿ ಕಡಿ, ಅಂದರೆ ಲೋಹದ ಬಳೆ, ಇರುವ ಚಂಬಿಗೆ ಹಗ್ಗ ಕಟ್ಟಿ, ಗೋಡೆಯ ಗುಂಟ ನಿಧಾನವಾಗಿ ಇಳಿಸಿ, ನೀರು ಮುಟ್ಟಿದ ಮೇಲೆ ಬೋರಲು ಮಾಡುತ್ತಾರೆ. ಮಾಳಸಿದ್ದ ಅದನ್ನು ಚಿಕ್ಕಂದಿನಿಂದ ನೋಡಿದವನು. ಆದರೂ ಆ ದಿನ ನಿಂತು ನೋಡಿದ.

"ಅವ್ವಾರ, ಹುಳಕ್ಕ ಪಾಲ ಐತಿ. ನಾವೂ ಹುಳ ಆದ್ರ ಪಟ್ಟ್ಯಾಗ ಬರ್ತೇವೇನ್ರಿ?"

ಸುತ್ತಲಿನವರು ನಕ್ಕರು. ಚಂದ್ರಮತಿಯೂ ನಕ್ಕಳು. ನಾನು ನಗಲಿಲ್ಲ. "ಹುಳ ಊರ ಬಿಟ್ಟ ಹೋಗಿರಲಿಲ್ಲ," ಎಂದೆ. ನಗೆ ನಿಂತಿತು.

ಆ ಸಂಜೆ ಚಂದ್ರಮತಿ ಊಟಕ್ಕೆ ಬಡಿಸುತ್ತ, "ಈಗೀಗ ಚಂಬು ಕೆಳಗ ಹೋಗಿ ಕಲ್ಲಿಗೆ ಬಡೀತೈತ್ರಿ. ಮೊದಲ ಹಂಗ ಆಗ್ತಿರಲಿಲ್ಲ," ಎಂದಳು.

"ಹಗ್ಗ ಗೋಡಿಂದ ದೂರ ಹಿಡಿ," ಎಂದು ಊಟ ಮುಗಿಸಿದೆ.

ಮೂರನೆಯ ದಿನ ನೀರು ಗುರುತಿಗೆ ಇಳಿದಾಗ ಆದದ್ದು ಏಳುನೂರ ಐವತ್ತು ಕೊಡ. ಕೊನೆಯ ಸಾಲಿನ ಇಪ್ಪತ್ತೈದು ಜನಕ್ಕೆ ನೀರಿಲ್ಲ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಕೋಲು ನೋಡಿದೆ: ರಾತ್ರಿ ಎರಡು ಅಡಿ ಏರಿದೆ. ನೀರು ಬಂದಿದೆ, ಐವತ್ತು ಕೊಡ ಕಾಣೆಯಾಗಿದೆ. ನಸುಕಿನಲ್ಲಿ ನಾನು ಕೋಲು ನೋಡಿ ಹೋದ ಮೇಲೆ ರಾಟೆ ತಿರುಗುವವರೆಗೆ ಎರಡು ತಾಸು ಕಟ್ಟೆಯ ಮೇಲೆ ಯಾರೂ ಇರುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಖಾಲಿ ಕೊಡ ಹೊತ್ತು ನಿಂತಿದ್ದ ಸುಂದ್ರವ್ವ ಎಲ್ಲರಿಗೂ ಕೇಳುವಂತೆ, "ಮಾಸ್ತರ ಕೋಲಿಗೆ ನೀರಡಿಕಿ ಆಗಾಕತ್ತೈತಿ, ಕುಡದ ಬರಾಕತ್ತೈತಿ," ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಮನೆಗೆ ಬಂದು ಪಾಟಿ ಹಿಡಿದೆ. ಕುರಿ ನೂರಿಪ್ಪತ್ತು; ಬಿಸಿಲಲ್ಲಿ ಒಂದಕ್ಕೆ ದಿನಕ್ಕೆ ಐದು ಲೀಟರು; ಒಟ್ಟು ಆರುನೂರು ಲೀಟರು; ಕೊಡದಲ್ಲಿ ನಲವತ್ತಮೂರು. ಜನ ಏಳು, ತಲೆಗೆ ಒಂದು ಕೊಡವಾದರೂ ಬೇಕು. ನಲವತ್ತಮೂರು ಮತ್ತು ಏಳು, ಐವತ್ತು. ನಾನು ಆ ಮೊತ್ತದ ಕೆಳಗೆ ಎರಡು ಗೆರೆ ಎಳೆದೆ. ತಾಳೆ ಬಿದ್ದ ಲೆಕ್ಕದ ಕೆಳಗೆ ಹಾಗೆ ಗೆರೆ ಎಳೆಯಲು ಹುಡುಗರಿಗೆ ಕಲಿಸಿದವನು ನಾನೇ.

ಚಾವಡಿಯಲ್ಲಿ ಜನ ಸೇರಿತು. ನಾನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆದು ತೋರಿಸಿದೆ. ಭೂಪಾಲ ಮಾಳಸಿದ್ದನ ಕಡೆ ತಿರುಗಿದ.

"ಏನಂತಿ?"

"ಗೋಡಿ ಮ್ಯಾಲಿಂದ ನನಗ ತಿಳಿಯಂಗಿಲ್ಲೋ ಯಣ್ಣಾ. ನಾ ಕದ್ದಿಲ್ಲ."

"ಹಂಗಾರ ಕುರಿಗೆ ಎಲ್ಲಿ ಕುಡಸ್ತಿ?" ಎಂದು ನಾನು ಕೇಳಿದೆ.

"ಹಳ್ಳದಾಗ ಒಂದ ವರ್ತಿ ತೋಡೇನ್ರಿ."

ವರ್ತಿ ಎಂದರೆ ಒಣಗಿದ ಹಳ್ಳದ ಉಸುಕಿನಲ್ಲಿ ತೋಡಿದ ಗುಂಡಿ. ಅದರಲ್ಲಿ ನೀರು ಜಿನುಗಿ ನಿಲ್ಲುತ್ತದೆ.

"ಯಾವ ಹಳ್ಳ? ಎಲ್ಲಿ?"

ಅವನು ನೆಲ ನೋಡಿದ. "ಅದನ್ನ ಕೇಳಬ್ಯಾಡ್ರಿ."

"ಯಾಕ?"

"ಹೇಳಿದ್ರ ನಾಳೆ ಮುಂಜಾನೆ ಇಡೀ ಊರ ಕೊಡ ಹೊತ್ತ ಅಲ್ಲಿ ನಿಂದ್ರತೈತಿ. ನನ್ನ ಕುರಿ ಸಾಯ್ತಾವ. ನಿಮಗ ಬಾವಿ ಐತಿ, ಅವಕ್ಕ ಅದೊಂದ ಐತಿ."

"ಇದ್ರ ಹೇಳ್ತಿದ್ದ," ಎಂದ ಭೂಪಾಲ. ಚಾವಡಿಯೆಲ್ಲ ಹೌದೌದು ಎಂದಿತು.

ತೀರ್ಪು ಅಷ್ಟರಲ್ಲೇ ಆಯಿತು: ಆ ಮನೆಯವರು ಯಾರೂ ಬಾವಿಯ ಕಟ್ಟೆ ಹತ್ತಬಾರದು, ಸಾವಕ್ಕನ ಎರಡು ಕೊಡವೂ ಬಂದ್. ಯಾರಾದರೂ ಒಬ್ಬರು ಅವನ ಜೊತೆ ಹೋಗಿ ವರ್ತಿಯನ್ನು ಗುಟ್ಟಾಗಿ ನೋಡಿ ಬರಬಹುದಿತ್ತು. ನಾನು ಹೋಗಬಹುದಿತ್ತು. ಲೆಕ್ಕ ತಾಳೆ ಬಿದ್ದಿತ್ತು, ಹೋಗಲಿಲ್ಲ.

ಎರಡನೆಯ ದಿನ ಬೆಳಗ್ಗೆ ಅವರು ಊರು ಬಿಟ್ಟರು. ಸಾಮಾನು ಹೇರಿದ ತಟ್ಟು ಕುದುರೆ ಮುಂದೆ, ಕುರಿ ಹಿಂದೆ. ಸಾವಕ್ಕ ಸಾಲಿನಿಂದ ಬೇರೆಯಾಗಿ ನಮ್ಮ ಮನೆಯ ಕಟ್ಟೆಗೆ ಬಂದು ಸೆರಗಿನ ಗಂಟು ಬಿಚ್ಚಿ ಎರಡು ಬಿಲ್ಲೆ ಇಟ್ಟಳು.

"ಎಣಿಸಿಕೊಳ್ರಿ ಮಾಸ್ತರ. ಆಮ್ಯಾಲ ಕಡಿಮಿ ಬಿದ್ದೂವು ಅನ್ನಬ್ಯಾಡ್ರಿ."

ಚಂದ್ರಮತಿ ಒಳಗಿಂದ ಒಂದು ತಂಬಿಗೆ ನೀರು ತಂದಳು. ಮುದುಕಿ ಅದನ್ನು ಮುಟ್ಟಲಿಲ್ಲ. "ಬ್ಯಾಡ ಬೇ ತಂಗಿ. ಇದೂ ನನ್ನ ಲೆಕ್ಕದಾಗ ಬರ್ದಾರು," ಎಂದು ನಡೆದಳು.

ಮರುದಿನ ಬಾವಿಯಲ್ಲಿ ಏಳುನೂರ ಐವತ್ತು ಕೊಡ. ಅದರ ಮರುದಿನವೂ ಏಳುನೂರ ಐವತ್ತು. ಕಳ್ಳರೆನಿಸಿಕೊಂಡವರು ಹೋಗಿದ್ದರು, ಕಳವು ಹೋಗಿರಲಿಲ್ಲ. ಮೂರನೆಯ ದಿನ ನಾನು ಹೆಂಡತಿಯನ್ನು ಕರೆದು, ಚಂಬು ಎಲ್ಲಿ ಬಡಿಯುತ್ತದೆ ತೋರಿಸು ಎಂದೆ. ಅವಳು ಹಗ್ಗ ಇಳಿಸಿದಳು. ನೀರಿಗಿಂತ ಮೇಲೆ ಠಣ್ಣೆಂದಿತು. ಬಗ್ಗಿ ನೋಡಿದೆ. ಕಟ್ಟಿದ ಗೋಡೆ ಅಲ್ಲಿಗೆ ಮುಗಿದಿತ್ತು. ಅದರ ಕೆಳಗೆ ಹಿರಿಯರು ಬಂಡೆಯನ್ನು ಕಡಿದು ಬಾವಿ ಇಳಿಸಿದ್ದರು. ಬಂಡೆ ಸುತ್ತಲೂ ಒಳಕ್ಕೆ ಚಾಚಿತ್ತು. ಫೆಬ್ರವರಿಯಲ್ಲಿ ನೀರು ಕಟ್ಟಿದ ಗೋಡೆಯ ಭಾಗದಲ್ಲಿತ್ತು. ಏಪ್ರಿಲಿನಲ್ಲಿ ಬಂಡೆಯ ಭಾಗಕ್ಕೆ ಇಳಿದಿತ್ತು. ತೂಗುಗುಂಡು ಬಿಟ್ಟು ಅಳೆದೆ. ಒಂದು ಮಗ್ಗುಲಿಗೆ ಮೂರು ಇಂಚು. ಎದುರು ಮಗ್ಗುಲಿಗೆ ಮೂರು ಇಂಚು.

ಬಾವಿ ಅಲ್ಲಿ ಹದಿನೈದೂವರೆ ಅಡಿ. ಎರಡು ಅಡಿ ಎತ್ತರಕ್ಕೆ ಏಳುನೂರ ಅರವತ್ತೆರಡು ಕೊಡ. ಚೆಲ್ಲಿದ ಹನ್ನೆರಡು ಕಳೆದರೆ ಏಳುನೂರ ಐವತ್ತು. ಒಂದು ಕೊಡ ಹೆಚ್ಚಿಲ್ಲ, ಒಂದು ಕೊಡ ಕಡಿಮೆಯಿಲ್ಲ. ಕೋಲು ಎತ್ತರವನ್ನು ಮಾತ್ರ ಹೇಳುತ್ತದೆ. ಅಗಲವನ್ನು ನಾನು ಮೇಲೆ ಒಮ್ಮೆ ಅಳೆದು, ಕೆಳಗೂ ಅಷ್ಟೇ ಎಂದುಕೊಂಡಿದ್ದೆ. ಐದನೆಯ ಇಯತ್ತೆಯ ಹುಡುಗ ಆ ತಪ್ಪು ಮಾಡಿದ್ದರೆ ಅಂಗೈಗೆ ಎರಡು ಏಟು ಕೊಡುತ್ತಿದ್ದೆ.

ಆ ದಿನವೇ ಹಳ್ಳದ ಗುಂಟ ನಡೆದೆ. ಮೂರು ಮೈಲಿಯ ಮೇಲೆ, ತಿರುವಿನಲ್ಲಿ, ಆಳೆತ್ತರದ ವರ್ತಿ ಇತ್ತು. ಸುತ್ತ ಜಾಲಿಮುಳ್ಳಿನ ಬೇಲಿ, ಉಸುಕಿನ ತುಂಬ ಕುರಿಯ ಹೆಜ್ಜೆ.

ಭೂಪಾಲನಿಗೆ ಎಲ್ಲವನ್ನೂ ಹೇಳಿದೆ.

"ಈಗ ಇದನ್ನ ಹೇಳಿದ್ರ ಏನ ಆಕ್ಕೈತಿ, ಮಾಸ್ತರ? ನಿಮ್ಮ ಪಟ್ಟಿ ಮ್ಯಾಲಿನ ನಂಬಿಕಿ ಹೋಕ್ಕೈತಿ. ನಾಳೆ ಮತ್ತ ಕಟ್ಟಿ ಮ್ಯಾಲ ತಲಿ ಒಡದಾವು. ಅಂವ ಹೆಂಗೂ ಹೋಗ್ಯಾನ. ಸೆಲಿ ಕಮ್ಮಿ ಆತು ಅಂತ ಹೇಳೂಣು, ಎಲ್ಲಾರ ಪಾಲು ಒಂದೀಟ ಕಡಿಮಿ ಮಾಡೂಣು."

ಅವನ ಮಾತಿನಲ್ಲಿ ಊರಿನ ಹಿತವಿತ್ತು, ನನ್ನ ಮಾನವೂ ಇತ್ತು. ನಾನು ಯಾವುದಕ್ಕೆ ಒಪ್ಪಿದೆನೆಂದು ನನಗೆ ಗೊತ್ತಿದೆ. ಮರುದಿನ ಹೊಸ ಪಟ್ಟಿ ಹಚ್ಚಿದೆ. ಯಾರೂ ಏನೂ ಕೇಳಲಿಲ್ಲ. ಚಂದ್ರಮತಿ ಅಂದಿನಿಂದ ಬಾವಿಯ ಸುದ್ದಿಯನ್ನು ನನ್ನೆದುರು ಎತ್ತಲಿಲ್ಲ. ಜೂನ್ ಕೊನೆಗೆ ಮಳೆ ಬಂತು. ಮಾಳಸಿದ್ದ ಬರಲಿಲ್ಲ.

ಅವನನ್ನು ಮತ್ತೆ ಕಂಡದ್ದು ೧೯೯೬ರಲ್ಲಿ, ಕುಡಚಿಯ ಸ್ಟೇಷನ್ನಿನಲ್ಲಿ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮಿರಜದ ಗಾಡಿಗೆ ಕಾಯುತ್ತಿದ್ದ. ಅವನೇ ಮೊದಲು ಮಾತಾಡಿಸಿದ.

"ಅರಾಮ ಅದೀರೇನ್ರಿ ಮಾಸ್ತರ? ಬಾವ್ಯಾಗ ನೀರ ಎಷ್ಟೈತಿ ಈಗ?"

"ಸಾವಕ್ಕ ಹೆಂಗದಾಳ?"

"ಹೋಗಿ ನಾಕ ವರ್ಷ ಆತ್ರಿ. ಕಡೀತನಕ ಯಾವ ಊರಿಗೆ ಹೋದ್ರೂ, ಬಾವಿ ಕಟ್ಟಿ ಹತ್ತೂ ಮೊದಲ ಯಾರನ್ನರ ಕರ್ಕೊಂಡ ಹೋಗ್ರಿ, ನೋಡಿದವರ ಇರಲಿ ಅಂತಿದ್ಲು."

ಆಗ ಹೇಳಿದೆ. ಬಂಡೆ, ಮೂರು ಇಂಚು, ಏಳುನೂರ ಐವತ್ತು, ಎಲ್ಲವನ್ನೂ. ಅವನು ಕೈ ಎತ್ತಿ ನಾಲ್ಕು ಬೆರಳು ಜೋಡಿಸಿ ನೋಡಿಕೊಂಡ.

"ಇಷ್ಟೇನ್ರಿ?"

"ಅಷ್ಟ."

"ಇದು ನಿಮಗ ಯಾವಾಗ ಗೊತ್ತಾತು?"

"ನೀವು ಹೋದ ಮೂರನೇ ದಿನ."

"ಊರಾಗ ಹೇಳೀರೇನ್ರಿ?"

"ಇಲ್ಲ."

ಗಾಡಿ ಬಂದು ನಿಂತಿತು. ಅವನು ಕಂಬಳಿ ಸರಿಮಾಡಿಕೊಂಡ. "ಮತ್ತ ನನಗ್ಯಾಕ ಹೇಳ್ತೀರಿ? ನಾವು ಕದ್ದಿಲ್ಲಂತ ನನಗ ಮೊದಲ ಗೊತ್ತಿತ್ತಲ್ರಿ. ಗೊತ್ತಿಲ್ಲದವರಿಗೆ ಹೇಳ್ರಿ." ಹತ್ತಿ ಹೋದ.

ಮುಂದಿನ ಗ್ರಾಮ ಪಂಚಾಯತಿ ಸಭೆಯಲ್ಲಿ ಎದ್ದು ನಿಂತೆ. ಭೂಪಾಲ ತೀರಿಕೊಂಡಿದ್ದ; ಅವನ ಮಗ ಮಹಾವೀರ ಸದಸ್ಯನಾಗಿದ್ದ. ಕೊಳವೆಬಾವಿ ಬಂದಿತ್ತು, ಹಳೆಯ ಬಾವಿಯಲ್ಲಿ ಕಸ ತುಂಬಿತ್ತು. ಮಾಳಸಿದ್ದನ ಬಗ್ಗೆ ಒಂದು ಮಾತು ಹೇಳುವುದಿದೆ ಎಂದೆ.

"ಯಾವ ಮಾಳಸಿದ್ದ?" ಎಂದು ಒಬ್ಬ ಕೇಳಿದ.

"ಅಂವನಲೇ, ಬರಗಾಲದಾಗ ನೀರ ಕದ್ದಿದ್ನಲ್ಲ," ಎಂದು ಇನ್ನೊಬ್ಬ ತಿಳಿಸಿಕೊಟ್ಟ. ಆ ಬರಗಾಲದಲ್ಲಿ ಹೀಗೆ ಹೇಳಿದವನಿಗೆ ಹತ್ತು ವರ್ಷವೂ ಇರಲಿಲ್ಲ.

ನಾನು ಹಲಗೆಯ ಮೇಲೆ ಬಾವಿಯ ಚಿತ್ರ ಬರೆದೆ. ಹದಿನಾರು ಬರೆದೆ, ಹದಿನೈದೂವರೆ ಬರೆದೆ, ಗುಣಿಸಿ ಭಾಗಿಸಿ ತೋರಿಸಿದೆ. ಲೆಕ್ಕದಲ್ಲಿ ಈ ಸಲ ತಪ್ಪಿರಲಿಲ್ಲ. ಎಲ್ಲರೂ ಗೌರವದಿಂದ ಕೇಳಿದರು. ಅರ್ಧ ಜನ ನನ್ನ ವಿದ್ಯಾರ್ಥಿಗಳು. ಕೊನೆಗೆ ಮಹಾವೀರ ತಲೆಯಾಡಿಸಿದ.

"ತಿಳೀತ್ರಿ ಗುರುಗಳ. ಅಂದ್ರ ಅಂವ ಕದ್ದದ್ದು ಐವತ್ತ ಕೊಡ ಅಲ್ಲ. ಹಂಗಾರ ಎಷ್ಟ ಕದ್ದಿದ್ನ್ರಿ?"