ಬಲಗಾಲು ಮುಂದೆ

ಮಧ್ಯಾಹ್ನ ಮೂರೂವರೆ, ಮಿಸಯೀದ್ ಪಟ್ಟಣದಾಚೆಯ ಮರಳುದಿಬ್ಬದ ನೆತ್ತಿಯ ಮೇಲೆ ಮೂರು ಹಲಗೆಗಳು ಬಿದ್ದಿದ್ದವು — ಹಳದಿ, ನೀಲಿ, ಕಪ್ಪು — ಹಿಮದ ಮೇಲೆ ಜಾರಲೆಂದು ಮಾಡಿದವು, ಹಿಮವೇ ಬೀಳದ ಕತಾರಿನಲ್ಲಿ, ಮುನೀರಾ ಮಾತ್ರ ನೋಡುತ್ತಿದ್ದದ್ದು ತನ್ನ ಎಡಗಾಲನ್ನು, ಹೋದ ಶುಕ್ರವಾರ ಮುಂದಿದ್ದದ್ದು ಅದೇ, ಬಿದ್ದದ್ದೂ ಅದಕ್ಕೇ, ಹೆಂಗಸು ಎಂದಲ್ಲ, ನಲವತ್ತಾಯಿತು ಎಂದೂ ಅಲ್ಲ, ಮಣಿಕಟ್ಟು ಇನ್ನೂ ನೋಯುತ್ತಿದೆ, ನೋಯಲಿ. ಗಂಡ ನವಾಝನ ಕಂಪನಿಯ ನಾರ್ವೆಯ ಇಂಜಿನಿಯರ್ ನಾಳೆ ಊರಿಗೆ ಹೊರಟಿದ್ದಾನೆ, ಹಲಗೆ ಹೊತ್ತುಕೊಂಡು ಹೋಗುವುದಿಲ್ಲ, ಮೂರನ್ನೂ ಟ್ರೈ ಮಾಡಿ, ಯಾವುದರ ಮೇಲೆ ನಿಂತು ಕೆಳಗೆ ಮುಟ್ಟುತ್ತೀರೋ ಅದು ನಿಮ್ಮದು ಅಂದಿದ್ದಾನೆ, ನಿಂತು ಅಂದಿದ್ದಾನೆ, ಅದು ಗಂಡನ ಕಿವಿಗೆ ಮಾತ್ರ ಬಿದ್ದಿಲ್ಲ, ನೀನು ಹಳದಿಯದ್ರಲ್ಲಿ ಕೂತು ಜಾರು ಮಾರಾಯ್ತಿ, ಮಕ್ಕಳೆಲ್ಲ ಹಾಗೇ ಜಾರುದಲ್ವಾ, ಕೈ ಮುರಿದ್ರೆ ಮತ್ತೆ ಎಂತ ಮಾಡುದು, ಅನ್ನುತ್ತಾನೆ. ಕೂತು ಜಾರುವುದಕ್ಕೆ ಹಲಗೆ ಯಾಕೆ, ಉಳ್ಳಾಲದಲ್ಲಿ ಅಡಿಕೆ ಹಾಳೆ ಸಾಕಿತ್ತು. ಹಳದಿ ಅವಳ ಎದೆಮಟ್ಟ, ಮಂಡಿಗೆ ಒತ್ತಿದರೆ ಗೆರಸೆಯಂತೆ ಬಾಗುತ್ತದೆ, ಹೋದ ವಾರ ವೇಗ ಬಂದೊಡನೆ ನಡುಗಿತು, ಮೂತಿ ಮರಳಿಗೆ ಹೂತಿತು, ಬೇಡ. ಕಪ್ಪು ಹಣೆಯಷ್ಟೆತ್ತರ, ಅಗಲ, ಮೈದುನ ಸಾಬಿತ್ ಬಂದವನೇ ಅದನ್ನು ತಬ್ಬಿ ನಿಂತಿದ್ದಾನೆ, ಬಣ್ಣ ನೋಡಿ, ಅವಳು ಅದನ್ನು ಕೆಳಗಿಡಿಸಿ ಮೇಲೆ ಬೂಟು ಅಡ್ಡ ಇಟ್ಟು ನೋಡಿದಳು, ಎರಡೂ ಅಂಚು ದೂರದಲ್ಲೇ ಉಳಿದವು, ಅಂಚಿಗೆ ಕಾಲು ಮುಟ್ಟದೆ ತಿರುಗಿಸುವುದು ಹೇಗೆ. ನೀಲಿ ಗಲ್ಲಕ್ಕೆ ಬರುತ್ತದೆ, ಒತ್ತಿದರೆ ಸ್ವಲ್ಪ ಬಾಗಿ ಕೈಯನ್ನು ತಿರುಗಿ ತಳ್ಳುತ್ತದೆ, ಬೂಟಿನ ತುದಿ ಅಂಚಿಗೆ ಸರಿಯಾಗಿ ಬಂತು — ಅತ್ತಿಗೆ, ಇದು ಮೀನು ಮಾರ್ಕೆಟಾ, ಕಿವಿರು ಎತ್ತಿ ನೋಡ್ಲಿಕ್ಕೆ, ಯಲ್ಲಾ, ಬೇಗ ಬೇಗ, ಕತ್ತಲಾಗ್ತದೆ. ಆಗಲಿ. ಕಿವಿರು ನೋಡದೆ ತಂದ ಬಂಗುಡೆ ಮೀನನ್ನು ಇದೇ ಸಾಬಿತ್ ಒಮ್ಮೆ ವಾಸನೆ ಎಂದು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದ.

ಹಲಗೆ ಸರಿ, ಬೂಟು ಕಟ್ಟುವ ಪಟ್ಟಿ ಸರಿಯಿಲ್ಲ. ಮೂರರಲ್ಲೂ ಎಡಗಾಲಿನ ಪಟ್ಟಿ ಮುಂದೆ, ಹಾಗೆ ನಿಲ್ಲುವುದೇ ಕ್ರಮ ಎಂದಿದ್ದ ಇಂಜಿನಿಯರ್, ಹೋದ ವಾರ, ಗಂಡಸರ ಬೆನ್ನಿಗೆ ಮೆಲ್ಲ ತಳ್ಳಿ ಯಾವ ಕಾಲು ತಾನಾಗಿ ಮುಂದೆ ಬರುತ್ತದೆಂದು ನೋಡಿದ್ದ, ಅವಳನ್ನು ತಳ್ಳಲಿಲ್ಲ, ಪರಹೆಂಗಸನ್ನು ಹೇಗೆ ಮುಟ್ಟುವುದು, ಮರ್ಯಾದಸ್ಥ, ತಳ್ಳಬಹುದಾಗಿದ್ದ ನವಾಝ್ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದ. ಅವತ್ತು ಬಿನ್ ಒಮ್ರಾನಿನ ತಮ್ಮ ಫ್ಲಾಟಿಗೆ ಮರಳಿ ಒದ್ದೆ ಬಟ್ಟೆಯಲ್ಲಿ ಮಣಿಕಟ್ಟು ಸುತ್ತಿಕೊಂಡು, ಜುಮಾನಾ, ನನ್ನನ್ನೊಮ್ಮೆ ಹಿಂದಿನಿಂದ ದೂಡು ಅಂದಳು, ಮಗಳು ಕಿಸಕ್ಕೆಂದು ನಕ್ಕು ದೂಡಿದಳು, ರೈಟ್ ಲೆಗ್ ಉಮ್ಮ, ಇನ್ನೊಮ್ಮೆ ದೂಡು, ಮತ್ತೆ ರೈಟೇ ಉಮ್ಮ — ಬಾರದೆ ಇರುತ್ತದೆಯೇ, ಉಳ್ಳಾಲದ ಮನೆಯ ಕೆಂಪು ನೆಲ, ಹೊಸ್ತಿಲು, ಹೊಸ್ತಿಲ ಪಕ್ಕ ಅಜ್ಜಿ, ಅಜ್ಜಿಯ ಕೈಯಲ್ಲಿ ಬೆತ್ತ, ಎಡಗಾಲು ಮೊದಲು ಬಂದರೆ ಪಾದದ ಮೇಲೆ ಟಪ್, ಹೊರಗೆ ಹೋಗಿ ಮತ್ತೆ ಬಾ, ಬಲಗಾಲಿಟ್ಟು ಬಾ. ಮೂವತ್ತೈದು ವರ್ಷ ಹಾಗೆ ಬಂದ ಕಾಲು ಒಂದು ಶುಕ್ರವಾರಕ್ಕೆ ಬದಲಾಗುತ್ತದೆಯೇ.

ಊಟದ ಚೀಲದಿಂದ ಅವಳು ಸ್ಕ್ರೂಡ್ರೈವರ್ ತೆಗೆದಳು. ಏ ಎಂತ ಮಾಡ್ತಿ, ಬೇರೆಯವರ ಸಾಮಾನದು, ಎಂದ ನವಾಝ್. ಇಂಜಿನಿಯರ್ ಬಗ್ಗಿ ನೋಡಿದ, ಓ, ಗೂಫಿ, ಎಂದ, ಬಲಗಾಲು ಮುಂದಿಡುವವರಿಗೆ ತಮ್ಮಲ್ಲಿ ಹಾಗೆನ್ನುತ್ತಾರಂತೆ, ಗೂಫಿ ಅಂದರೆ ಪೆದ್ದು. ಸಾಬಿತ್ ಮರಳಿನಲ್ಲಿ ಬಿದ್ದು ನಕ್ಕ, ಅತ್ತಿಗೆ ಪೆದ್ದು ಅಂತ ನಂಗೆ ಮೊದಲೇ ಗೊತ್ತಿತ್ತು, ಈಗ ನಾರ್ವೆಯವರಿಗೂ ಗೊತ್ತಾಯ್ತು. ಅವಳು ತಲೆಯೆತ್ತಲಿಲ್ಲ, ಸ್ಕ್ರೂ ಬಿಗಿಯಾಗಿತ್ತು, ಮಣಿಕಟ್ಟು ಉರಿಯಿತು, ಸಾಬಿತ್, ನಮ್ಮ ಉಳ್ಳಾಲದಲ್ಲಿ ಎಡಗಾಲು ಮುಂದಿಡುದು ಕಕ್ಕಸಿಗೆ ಹೋಗುವಾಗ, ನೀನು ಹಾಗೇ ಇಳಿ, ಅರ್ಜೆಂಟ್ ಇದ್ರೆ. ಈಗ ನಕ್ಕವನು ನವಾಝ್. ಸ್ಕ್ರೂ ಬಿಟ್ಟಿತು, ಬಲಗಾಲಿನ ಪಟ್ಟಿ ಮುಂದೆ ಬಂತು. ನಕ್ಕದ್ದು ಸಾಕು, ಚೀಲದಲ್ಲಿರುವ ಮೇಣದಬತ್ತಿ ಕೊಡಿ, ಎಂದಳು, ಕೊಟ್ಟ, ಚೆನ್ನಾಗಿ ಜಾರಲೆಂದು ನೀಲಿಯ ತಳಕ್ಕೆ ತಿಕ್ಕಿದಳು, ತಲೆವಸ್ತ್ರದ ತುದಿಯನ್ನು ಕುತ್ತಿಗೆಗೆ ಬಿಗಿದಳು, ಪಟ್ಟಿ ಎಳೆದಳು, ಕೂತ್ಕೊಳ್ಳೇ, ಮುನೀರಾ, ಒಂದು ಸಲ ನನ್ನ ಮಾತು ಕೇಳು — ಕೂರುವುದಿಲ್ಲ, ಬಿದ್ದರೆ ನಿಂತವಳು ಬಿದ್ದಳು ಎನ್ನಲಿ, ಹಲಗೆ ದಿಬ್ಬದ ಅಂಚು ದಾಟಿತು, ಮರಳು ಸರ್ರೆಂದು ಎರಡು ಬದಿಗೆ ಸರಿಯಿತು, ಗಾಳಿ ಕಿವಿಗೆ, ಕೆಳಗೆ ಸಮುದ್ರ ಓರೆಯಾಯಿತು, ಭಾರ ಹಿಂದಕ್ಕೆ, ಹಿಂದಕ್ಕೆ, ಮೂತಿ ಹೂಳಬಾರದು, ಯಾರೋ ಕೂಗುತ್ತಿದ್ದಾರೆ, ಕೂಗಲಿ, ಕೆಂಪು ನೆಲ, ಬೆತ್ತ ಮೇಲೆದ್ದಿದೆ, ಬೆತ್ತ ಬೀಳಲಿಲ್ಲ, ಹೊಸ್ತಿಲು, ಬಲಗಾಲು, ಹೊಸ್ತಿಲ ಮೇಲೆ ಬಲಗಾಲು —

ಆ ಸಲ ಅರ್ಧ ದಾರಿಯಲ್ಲಿ ಬಿದ್ದಳು. ಹಲಗೆ ಹೊತ್ತು ಮತ್ತೆ ಹತ್ತಿ ಬಂದು ಇಳಿದಾಗ ನಿಂತೇ ಕೆಳಗೆ ಮುಟ್ಟಿದಳು. ನೀಲಿ ಹಲಗೆ ಅದೇ ಸಂಜೆ ಬಿನ್ ಒಮ್ರಾನಿಗೆ ಬಂತು, ಅದರ ಸ್ಕ್ರೂಗಳನ್ನು ಆಮೇಲೆ ಯಾರೂ ತಿರುಗಿಸಲಿಲ್ಲ.